ನೂರ ನಲವತ್ತಮೂರನೇ ಪುಟ

ನನ್ನ ಕಾದಂಬರಿಗಳನ್ನು ಬರೆಯುವವಳೂ ನಾನೇ, ಅಚ್ಚು ಹಾಕಿಸುವವಳೂ ನಾನೇ, ಮಾರುವವಳೂ ನಾನೇ. ಇದುವರೆಗೆ ಐದು ಆಗಿವೆ. ಮೊದಲನೆಯದರ ಹೊತ್ತಿಗೆ ನಾಲ್ಕು ಪ್ರಕಾಶಕರ ಬಾಗಿಲು ತಟ್ಟಿದ್ದೆ. ಮೂವರು ಉತ್ತರವನ್ನೇ ಕೊಡಲಿಲ್ಲ. ನಾಲ್ಕನೆಯವರು ಹಸ್ತಪ್ರತಿಯನ್ನು ವಾಪಸು ಕಳಿಸಿದರು, ಆದರೆ ಒಳಗಿನ ದಾರಕ್ಕೆ ನಾನು ಹಾಕಿದ್ದ ಗಂಟು ಹಾಗೇ ಇತ್ತು. ಬಿಚ್ಚಿ ಕೂಡ ನೋಡಿರಲಿಲ್ಲ. ಆ ಸಿಟ್ಟಿಗೆ ನಾನೇ ಪ್ರಕಾಶಕಿಯಾದೆ. ಸಿಟ್ಟಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಸರಿಹೋದದ್ದು ಬಹುಶಃ ಅದೊಂದೇ.

ಪ್ರಕಾಶನ ಸಂಸ್ಥೆ ಎಂದರೆ ನಮ್ಮ ಊಟದ ಮೇಜು. ಗೋದಾಮು ಎಂದರೆ ಮಂಚದ ಕೆಳಗಿನ ಜಾಗ. ಹೊಸ ಪುಸ್ತಕ ಬಂದಾಗಲೆಲ್ಲ ಬಂಡಲುಗಳನ್ನು ಒಳಗೆ ತಳ್ಳಲು ನನ್ನ ಗಂಡ ನೆಲದ ಮೇಲೆ ಬೋರಲು ಬೀಳುತ್ತಾರೆ, ಎದ್ದು ಮೊಣಕಾಲು ಒರೆಸಿಕೊಳ್ಳುತ್ತ, "ಸಾಹಿತ್ಯಕ್ಕೆ ಇಷ್ಟು ತಲೆಬಾಗಿದವರು ಯಾರೂ ಇಲ್ಲ ಬಿಡು" ಎನ್ನುತ್ತಾರೆ. ಐದು ಸಲವೂ ಅದೇ ಜೋಕು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಾನು ಬರೆಯುತ್ತೇನೆ. ಆಮೇಲೆ ಕಂದು ಕಾಗದ ಕತ್ತರಿಸುವುದು, ವಿಳಾಸ ಬರೆಯುವುದು, ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವುದು, ಪುಸ್ತಕದಂಗಡಿಗೆ ಹೋಗಿ ನನ್ನ ಪುಸ್ತಕವನ್ನು ಕೆಳಗಿನ ಸಾಲಿನಿಂದ ಎತ್ತಿ ಯಾರೂ ನೋಡದಾಗ ಮೇಲಿನ ಸಾಲಿನಲ್ಲಿಡುವುದು. ಅಂಗಡಿಯವರಿಗೆ ಇದು ಗೊತ್ತು. ನಾನು ಬಾಗಿಲು ದಾಟಿದ ಮೇಲೆ ಅವರು ಮತ್ತೆ ಕೆಳಗಿಡುತ್ತಾರೆ. ನಮ್ಮಿಬ್ಬರ ನಡುವೆ ಈ ಬಗ್ಗೆ ಒಂದು ಮಾತೂ ಆಗಿಲ್ಲ.

ಸಂಸ್ಥೆಯಲ್ಲಿ ನನ್ನನ್ನು ಬಿಟ್ಟರೆ ಇರುವ ಇನ್ನೊಬ್ಬ ಸಿಬ್ಬಂದಿ ನನ್ನ ಅಕ್ಕ. ಕರಡಚ್ಚು ತಿದ್ದುವವಳು ಅವಳೇ. ಸಂಬಳವಿಲ್ಲ, ರಜೆಯೂ ಇಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ಬೆರಳಚ್ಚು ಮಾಡಿ ನಿವೃತ್ತಳಾದವಳು. ಪ್ರತಿ ಸಾಲಿನ ಕೆಳಗೂ ಸ್ಕೇಲು ಇಟ್ಟು ಓದುತ್ತಾಳೆ, ಓದಿ ಮುಗಿಸಿದ ಪ್ರತಿ ಪ್ಯಾರಾದ ಪಕ್ಕ ಕೆಂಪು ಚುಕ್ಕೆ ಇಡುತ್ತಾಳೆ. ಅವಳ ನಡುಮನೆಯ ಮೂಲೆಯಲ್ಲಿ ನೆಲದವರೆಗೆ ಬಟ್ಟೆ ಇಳಿಬಿಟ್ಟ ಒಂದು ಚಿಕ್ಕ ಮೇಜಿದೆ. ಅಲ್ಲೇ ಅವಳ ಕೆಲಸ. ಓದುವಾಗ ಅವಳ ಕಾಲು ಸುಮ್ಮನಿರುವುದಿಲ್ಲ, ಮೇಜಿನ ಕೆಳಗಿಂದ ಕಿರ್ ಕಿರ್ ಎಂದು ಸದ್ದು ಬರುತ್ತಿರುತ್ತದೆ. "ಆ ಮೇಜಿಗೆ ಒಂಚೂರು ಎಣ್ಣೆನಾದ್ರೂ ಹಾಕೇ" ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

ನಮ್ಮಿಬ್ಬರ ನಡುವೆ ಒಂದು ನಿಯಮವಿದೆ, ಮಾಡಿದವಳು ನಾನು. ಮೊದಲ ಕಾದಂಬರಿಯಲ್ಲಿ ಅಕ್ಕ ಒಂದು ಇಡೀ ವಾಕ್ಯವನ್ನು ಹೊಡೆದುಹಾಕಿ, ಪಕ್ಕದಲ್ಲಿ "ಇದು ಬೇಡ, ಅವಳು ಹೀಗೆ ಮಾತಾಡಲ್ಲ" ಎಂದು ಬರೆದಿದ್ದಳು. ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. "ನೀನು ಅಕ್ಷರ ನೋಡು, ಅರ್ಥ ನೋಡಬೇಡ. ವಾಕ್ಯ ನಂದು" ಎಂದೆ. ಅಂದಿನಿಂದ ಅವಳು ಒಂದೇ ಒಂದು ವಾಕ್ಯ ಮುಟ್ಟಿಲ್ಲ. ಆ ವಾಕ್ಯದ ವಿಷಯದಲ್ಲಿ ಅವಳು ಹೇಳಿದ್ದೇ ಸರಿ ಎಂದು ಪುಸ್ತಕ ಅಚ್ಚಾದ ಮೇಲೆ ನನಗೆ ಗೊತ್ತಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ನನಗೂ ಒಂದು ಅಭ್ಯಾಸವಿದೆ. ಬರೆಯುತ್ತ ಹೋಗುವಾಗ ನನಗೆ ನಾನೇ ಆವರಣದಲ್ಲಿ ಟಿಪ್ಪಣಿ ಹಾಕಿಕೊಳ್ಳುತ್ತೇನೆ. "(ಇಲ್ಲಿ ಮಳೆ ಬೇಕು)", "(ಈ ಮುದುಕನಿಗೆ ನಮ್ಮ ಭಾವನ ಕೆಮ್ಮು ಕೊಡು)", ಹೀಗೆ. ಪ್ರೆಸ್ಸಿಗೆ ಕಳಿಸುವ ಮುಂಚೆ ಒಂದೊಂದನ್ನೇ ಹುಡುಕಿ ಅಳಿಸುತ್ತೇನೆ.

ಐದನೆಯ ಪುಸ್ತಕ ಗುರುವಾರ ಬಂತು. ಮುನ್ನೂರು ಪ್ರತಿ. ರೂಢಿಯಂತೆ ಮೊದಲ ಪ್ರತಿ ಅಕ್ಕನಿಗೆ ಹೋಯಿತು. ಅವಳು ಅದನ್ನು ತೆರೆಯುವುದಿಲ್ಲ. "ಅಚ್ಚಾದ ಮೇಲೆ ತಪ್ಪು ಕಂಡ್ರೆ ಊಟ ಸೇರಲ್ಲ ಕಣೇ" ಎಂದು ಮೂಸಿ ನೋಡಿ ಬೀರುವಿನಲ್ಲಿಡುತ್ತಾಳೆ. ಶುಕ್ರವಾರ ನಲವತ್ತು ಪ್ರತಿ ಅಂಚೆಗೆ ಹೋದವು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಅಂಟಿನ ಬಾಟಲಿ ಹಿಡಿದು ಕೂತಿದ್ದಾಗ ಫೋನ್ ಬಂತು. ನಮ್ಮ ಮನೆಯಲ್ಲಿ 'ತಪ್ಪು ಮೇಷ್ಟ್ರು' ಎಂದು ಕರೆಯುವ ಹಳೆಯ ಓದುಗರು. ಪ್ರತಿ ಪುಸ್ತಕದಲ್ಲೂ ಏನಾದರೊಂದು ಹುಡುಕಿ ತೆಗೆಯದಿದ್ದರೆ ಅವರಿಗೆ ಸಮಾಧಾನವಿಲ್ಲ.

"ಅಮ್ಮಾ, ನೂರ ನಲವತ್ಮೂರನೇ ಪುಟ ಓದಿದೆ. ಬಹಳ ಚೆನ್ನಾಗಿದೆ. ಲೇಖಕಿನೇ ಕಥೆ ಒಳಗೆ ನುಗ್ಗಿ ಮಾತಾಡೋದು, ಇದು ಹೊಸ ತಂತ್ರ ಅಲ್ವಾ?"

"ಹೌದು ಮೇಷ್ಟ್ರೇ" ಎಂದೆ. ಹೊಗಳಿಕೆ ಯಾವುದಕ್ಕೆ ಎಂದು ಗೊತ್ತಿಲ್ಲದಿದ್ದರೂ ಒಪ್ಪಿಕೊಳ್ಳುವುದು ನನ್ನ ದೌರ್ಬಲ್ಯ. ಫೋನಿಟ್ಟು ಪುಟ ತೆರೆದೆ. ನಾಯಕಿ ತಾಯಿಯ ಕೋಣೆಯ ಬೀಗ ತೆಗೆಯುತ್ತಾಳೆ. ಅದರ ಕೆಳಗೆ ಹೀಗಿತ್ತು:

(ಇಲ್ಲಿ ಅಕ್ಕ ಅಮ್ಮನ ಹೊಲಿಗೆ ಮೆಷಿನ್ ಹೊತ್ತುಕೊಂಡು ಹೋದದ್ದನ್ನು ತರಬೇಕು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮಾರಿಕೊಂಡಳೋ ಏನೋ. ಇಪ್ಪತ್ತೆರಡು ವರ್ಷವಾದರೂ ನನ್ನ ಹೊಟ್ಟೆಯುರಿ ಆರಿಲ್ಲ. ಅವಳಿಗೆ ತಿಳಿಯದ ಹಾಗೆ ಬದಲಾಯಿಸಿ ಬರೆ.)

ಅಂಟಿನ ಬಾಟಲಿ ಕೈತಪ್ಪಿ ಮೇಜಿನ ಮೇಲೆಲ್ಲ ಹರಿಯಿತು, ಅದನ್ನು ಒರೆಸಬೇಕೆಂದೂ ಹೊಳೆಯಲಿಲ್ಲ.

ಅಮ್ಮ ತೀರಿಹೋದ ಹದಿನೈದು ದಿನಕ್ಕೆ ನಾನು ಅವಳ ಮನೆಗೆ ಹೋದಾಗ ಕಿಟಕಿಯ ಕೆಳಗೆ ಮೆಷಿನ್ ಇರಲಿಲ್ಲ. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಅಕ್ಕ ತೆಗೆದುಕೊಂಡು ಹೋದಳು ಎಂದು ಪಕ್ಕದ ಮನೆಯವರು ಹೇಳಿದರು. ಅವಳ ಮನೆಯಲ್ಲಿ ನಾನು ಅದನ್ನು ಎಂದೂ ಕಾಣಲಿಲ್ಲ, ಹಾಗಾಗಿ ಮಾರಿದಳೆಂದೇ ತಿಳಿದೆ. ಕೇಳಬಹುದಿತ್ತು. ಕೇಳಿದರೆ ಜಗಳವಾಗುತ್ತದೆ, ಜಗಳವಾದರೆ ನನಗೆ ಉಳಿದಿರುವ ಒಬ್ಬಳೂ ಇಲ್ಲವಾಗುತ್ತಾಳೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಅದನ್ನೇ ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದೆ.

ನನ್ನ ಗಂಡ ಪುಟ ಓದಿದರು, ಕನ್ನಡಕ ತೆಗೆದರು. "ನಿನ್ನ ಅಕ್ಕ ಮೂರು ಸಲ ಪ್ರೂಫ್ ನೋಡಿದಾಳೆ. ಅವಳ ಕಣ್ಣಿಗೆ ಬೀಳಲಿಲ್ವಾ?"

"ಬಿದ್ದಿದ್ರೆ ಬಿಡ್ತಿದ್ಲಾ? ಎರಡು ಹಾಳೆ ಒಟ್ಟಿಗೆ ಮಗುಚಿರಬೇಕು. ಅವಳಿಗೆ ಗೊತ್ತಿದ್ರೆ ಮೂರು ತಿಂಗಳು ನನ್ನ ಹತ್ರ ನಗ್ತಾ ನಗ್ತಾ ಮಾತಾಡ್ತಿದ್ಲಾ?"

"ಅಂದ್ರೆ ಗೊತ್ತಿಲ್ಲ."

"ಗೊತ್ತಿಲ್ಲ. ಗೊತ್ತಾಗಲೂಬಾರದು."

ಸ್ವಂತ ಪ್ರಕಾಶನದಲ್ಲಿ ಇಂಥದ್ದಕ್ಕೊಂದು ಮದ್ದಿದೆ. ಪುಟದ ಬಣ್ಣದ್ದೇ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ ತಪ್ಪಿನ ಮೇಲೆ ಅಂಟಿಸುವುದು. ನನ್ನ ಗಂಡ ಸ್ಕೇಲು, ಬ್ಲೇಡು ಹಿಡಿದು ಕೂತರು. ನಿವೃತ್ತಿಗೆ ಮುಂಚೆ ನಕ್ಷೆ ಬರೆಯುತ್ತಿದ್ದವರು, ಒಂದು ಪಟ್ಟಿಯೂ ಸೊಟ್ಟ ಬರಲಿಲ್ಲ. ಅಂಚೆಯಲ್ಲಿ ಹೋದ ನಲವತ್ತು ಹೋದವು, ಅವು ಮೇಷ್ಟ್ರಂಥವರ ಪಾಲಿಗೆ ಹೊಸ ತಂತ್ರವಾಗಿ ಇರಲಿ. ಮುಖ್ಯವಾದ ಪ್ರತಿ ಒಂದೇ, ಅಕ್ಕನ ಬೀರುವಿನಲ್ಲಿದ್ದದ್ದು. ಪಟ್ಟಿಗಳ ಕಟ್ಟನ್ನೂ ಅಂಟನ್ನೂ ಕೈಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ಅರವತ್ತರ ಹೆಂಗಸು, ಐದು ಕಾದಂಬರಿ ಬರೆದವಳು, ಸ್ವಂತ ಅಕ್ಕನ ಮನೆಗೆ ಕಳ್ಳಿಯ ಹಾಗೆ ಹೊರಟಿದ್ದೆ.

ಅಕ್ಕ ಬಾಗಿಲು ತೆಗೆದು, "ಬಾ ಬಾ, ಏನೇ ಫೋನೂ ಮಾಡದೆ?" ಎಂದಳು.

"ಈ ಕಡೆ ಕೆಲಸ ಇತ್ತು. ಟೀ ಮಾಡು."

"ಬಂದ ತಕ್ಷಣ ಟೀ ಕೇಳೋಳಲ್ಲ ನೀನು" ಎಂದು ನನ್ನ ಮುಖ ನೋಡಿ ಅಡುಗೆಮನೆಗೆ ಹೋದಳು. ನಾನು ಬೀರು ತೆಗೆದೆ. ನನ್ನ ಐದೂ ಪುಸ್ತಕಗಳು ಮಡಿಸಿದ ಟವೆಲುಗಳ ಪಕ್ಕ ಸಾಲಾಗಿ ನಿಂತಿದ್ದವು. ಐದನೆಯದನ್ನು ಎಳೆದು, ಮೂಲೆಯ ಮೇಜಿನ ಮೇಲಿಟ್ಟು, ಬಗ್ಗಿ ಅಂಟು ಸವರಿದೆ. ಪಟ್ಟಿ ಅಡ್ಡಡ್ಡ ಕೂತಿತು. ಬಿಡಿಸಲು ಹೋದರೆ ಉಗುರಿಗೆ ಅಂಟಿಕೊಂಡಿತು.

"ನೂರ ನಲವತ್ಮೂರಾ?"

ತಿರುಗಿ ನೋಡಿದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಬೆರಳ ತುದಿಯಲ್ಲಿ ಆ ಪಟ್ಟಿ ನೇತಾಡುತ್ತಿತ್ತು.

ಅವಳು ಸೌಟನ್ನು ಒಳಗಿಟ್ಟು ಬಂದಳು. ಬೀರುವಿನ ಕೆಳಗಿನ ಖಾನೆಯಿಂದ ಪ್ರೂಫ್ ಕಟ್ಟನ್ನು ತೆಗೆದು, ಹುಡುಕದೆ ಒಂದೇ ಸಲಕ್ಕೆ ಆ ಹಾಳೆ ತೆರೆದಳು. ಆವರಣದ ಪಕ್ಕದಲ್ಲಿ ಕೆಂಪು ಚುಕ್ಕೆ ಇತ್ತು. ಬೇರೆ ಚುಕ್ಕೆಗಳಿಗಿಂತ ದೊಡ್ಡದಾಗಿತ್ತು. ಪೆನ್ಸಿಲ್ಲನ್ನು ತುಂಬ ಹೊತ್ತು ಅಲ್ಲೇ ಒತ್ತಿ ಹಿಡಿದ ಹಾಗೆ.

"ನೋಡಿದ್ಯಾ ನೀನು?"

"ಮೂರು ಸಲ ನೋಡಿದೆ."

"ನೋಡಿ ಬಿಟ್ಯಾ? ತೆಗೆಯೋದಲ್ವೇನೇ ಅದನ್ನ!"

"ಅಕ್ಷರ ನೋಡು, ಅರ್ಥ ನೋಡಬೇಡ ಅಂದೋಳು ಯಾರು? ಅಕ್ಷರ ಎಲ್ಲಾ ಸರಿಯಾಗೇ ಇತ್ತು" ಎಂದಳು. ಒಂದು ಕ್ಷಣ ಅವಳ ತುಟಿಯಲ್ಲಿ ನಗೆ ಬಂದು ಹೋಯಿತು. ಆಮೇಲೆ ಕುರ್ಚಿಯಲ್ಲಿ ಕೂತಳು. "ನೀನು ಬೇಕಂತಲೇ ಹಾಕಿದೀಯ ಅಂದ್ಕೊಂಡೆ. ಬಾಯಲ್ಲಿ ಹೇಳೋಕಾಗದೆ ಪುಸ್ತಕದಲ್ಲಿ ಹೇಳ್ತಿದಾಳೆ, ಹೇಳ್ಲಿ, ಹೇಳೋ ಹಕ್ಕಿದೆ ಅವಳಿಗೆ ಅಂತ. ಮೂರು ತಿಂಗಳು ಕಾದೆ ಕಣೇ, ಬಂದು ಬೈತೀಯ ಅಂತ. ನೀನು ಬಂದಾಗಲೆಲ್ಲ ಇವತ್ತು ಬೈತಾಳೆ, ಇವತ್ತು ಬೈತಾಳೆ ಅನ್ಕೊಳ್ಳೋದು. ನೀನು ನೋಡಿದ್ರೆ ಟೀ ಕುಡಿದು ಹೊರಟುಬಿಡ್ತಿದ್ದೆ."

"ನನಗೆ ಅದು ಉಳಿದಿರೋದೇ ಗೊತ್ತಿರಲಿಲ್ಲ ಅಕ್ಕಾ. ಇವತ್ತು ಮೇಷ್ಟ್ರು ಫೋನ್ ಮಾಡಿದ ಮೇಲೆ ಗೊತ್ತಾಯ್ತು. ಜೀವ ಬಾಯಿಗೆ ಬಂದಿದೆ ನನಗೆ."

"ಅದರಲ್ಲಿ ಒಂದು ತಪ್ಪಿದೆ" ಎಂದು ಅಕ್ಕ ಎದ್ದಳು. "ಮಾರಿಕೊಂಡಳೋ ಏನೋ ಅಂತ ಬರೆದಿದೀಯ. ಅದು ಅರ್ಥದ ತಪ್ಪು, ಅದಕ್ಕೇ ತಿದ್ದಲಿಲ್ಲ."

ಮೂಲೆಯ ಮೇಜಿನ ಮೇಲಿದ್ದ ನನ್ನ ಪುಸ್ತಕ, ಅಂಟು, ಸ್ಕೇಲು ಎಲ್ಲವನ್ನೂ ಎತ್ತಿ ನನ್ನ ಕೈಗೆ ಕೊಟ್ಟಳು. ನೆಲದವರೆಗಿದ್ದ ಬಟ್ಟೆಯನ್ನು ಎಳೆದಳು.

ಕೆಳಗೆ ಕಪ್ಪು ಕಬ್ಬಿಣದ ಕಾಲುಗಳು. ಜಾಲರಿಯ ಹಾಗೆ ಕೊರೆದ ಪೆಡಲು, ಎಡಗಡೆ ಸವೆದು ಬೆಳ್ಳಗಾಗಿತ್ತು. ಅಮ್ಮ ಯಾವಾಗಲೂ ಎಡಗಾಲಿನಲ್ಲೇ ತುಳಿಯುತ್ತಿದ್ದದ್ದು. ಮೇಲಿನ ಹಲಗೆಯ ಅಂಚಿನಲ್ಲಿ ಅವಳು ಅಳತೆಗೆಂದು ಚಾಕುವಿನಿಂದ ಗೀಚಿದ ಗೆರೆಗಳು. ಅಕ್ಕ ಮೆಷಿನ್ನಿನ ತಲೆಭಾಗವನ್ನು ಒಳಕ್ಕೆ ಮಡಚಿ ಹಲಗೆ ಮುಚ್ಚಿದ್ದಳು, ಅಷ್ಟೇ. ನನ್ನ ಐದೂ ಕಾದಂಬರಿಗಳ ಪ್ರೂಫ್ ತಿದ್ದಿದ್ದು ಇದರ ಮೇಲೆ. ಇಪ್ಪತ್ತೆರಡು ವರ್ಷ ನಾನು ಟೀ ಲೋಟ ಇಟ್ಟಿದ್ದು ಇದರ ಮೇಲೆ. ಎಣ್ಣೆ ಹಾಕೇ ಎಂದು ನಾನು ಬೈದದ್ದು ಇದಕ್ಕೇ.

"ನಿನ್ನ ಕೇಳಿದ್ರೆ ಬೇಡ ಅಂತೀಯೇನೋ ಅಂತ ಹೆದರಿ ಕೇಳಲಿಲ್ಲ" ಎಂದಳು ಅಕ್ಕ. "ತಂದ ಮೇಲೆ ನಾಚಿಕೆಯಾಯ್ತು. ನೀನು ಬರೋ ಮುಂಚೆ ಬಟ್ಟೆ ಹಾಕಿದೆ. ಆಮೇಲೆ ತೆಗೆಯೋಕೇ ಆಗಲಿಲ್ಲ. ಒಂದು ದಿನ ಆಗಿದ್ರೆ ಹೇಳಬಹುದಿತ್ತು, ಹತ್ತು ವರ್ಷ ಆದ್ಮೇಲೆ ಹೇಗೆ ಹೇಳೋದು? ಒಂದು ಗುಂಡಿನೂ ಹೊಲಿದಿಲ್ಲ ಕಣೇ ಇದರಲ್ಲಿ. ಸುಮ್ನೆ ಕಾಲಿಟ್ಟುಕೊಂಡು ಕೂರ್ತೀನಿ. ತಪ್ಪು ನಂದೇ."

ನನಗೆ ಸಿಟ್ಟು ಬರಬೇಕಿತ್ತು. ಎಷ್ಟೋ ವರ್ಷದಿಂದ ಜೋಪಾನ ಮಾಡಿದ್ದ ಸಿಟ್ಟು. ಹುಡುಕಿ ನೋಡಿದೆ, ಇರಲಿಲ್ಲ. ಬದಲಿಗೆ ಅಳು ಬಂತು. ಅಳುತ್ತಲೇ ನಗು ಬಂತು. ಬಿಗಿಯಾದ ಚಪ್ಪಲಿ ಕಳಚಿ ನೆಲದ ಮೇಲೆ ಪಾದ ಊರಿದ ಹಾಗೆ ಹಗುರವಾಯಿತು. ಮಾರಿರಲಿಲ್ಲ. ಇಲ್ಲೇ ಇತ್ತು. ಅಕ್ಕನೂ ಇಲ್ಲೇ ಇದ್ದಳು. ಒಲೆಯ ಮೇಲಿಂದ ಹಾಲು ಉಕ್ಕಿದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಕಣ್ಣೊರೆಸಿಕೊಂಡು, ಹೋಗಿ ಒಲೆ ಆರಿಸಿ ಬಂದಳು. ಚೀಲದೊಳಗಿನ ಪಟ್ಟಿಗಳ ಕಟ್ಟನ್ನು ನೋಡಿದಳು. "ಎಷ್ಟು ಪ್ರತಿ ಉಳಿದಿದೆ?"

"ಇನ್ನೂರೈವತ್ತರ ಮೇಲೆ."

"ನಾಳೆ ನಿಮ್ಮನೆಗೆ ಬರ್ತೀನಿ. ನೀನು ಅಂಟಿಸಿದ್ರೆ ಎಲ್ಲಾ ಸೊಟ್ಟನೇ. ಊರವರಿಗೆ ಯಾಕೆ ನಮ್ಮನೆ ಮೆಷಿನ್ ವಿಷಯ? ಆದ್ರೆ ನನ್ನ ಪ್ರತಿಗೆ ಅಂಟಿಸಬೇಡ. ಹಾಗೇ ಇರಲಿ."

ನಾನು ಉಗುರಿಗಂಟಿದ್ದ ಪಟ್ಟಿಯನ್ನು ಕಿತ್ತು ಉಂಡೆ ಮಾಡಿದೆ. ಪುಸ್ತಕವನ್ನು ಟವೆಲುಗಳ ಪಕ್ಕ ಅದರ ಜಾಗದಲ್ಲಿಟ್ಟು ಬಂದೆ. ಅಕ್ಕ ಬಟ್ಟೆಯನ್ನು ಮಡಿಸಿ ಎದೆಗೆ ಹಿಡಿದುಕೊಂಡು ಮೆಷಿನ್ನಿನ ಪಕ್ಕ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಇದನ್ನ ನಾನು ತಗೊಳ್ಳಲಾ?" ಎಂದು ಕೇಳಿದಳು.

"ತಗೋ ಅಕ್ಕಾ" ಎಂದೆ.