ದೀಪ ಹಿಡಿದವಳ ಪದ

"ಕಾಮಾಕ್ಷಿಬೇನ್, ಆಜೆ ತಮಾರೊ ವಾರೊ!" ಎಂದು ಪಕ್ಕದ ಮನೆಯ ಹಂಸಾಬೇನ್ ಕೈಹಿಡಿದು ಎಳೆದೇಬಿಟ್ಟಾಗ ಕಾಮಾಕ್ಷಿಯ ಎದೆ ಧಸಕ್ಕೆಂದಿತು. ಇವತ್ತು ತನ್ನ ಸರದಿ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಹಮದಾಬಾದಿನ ನವರಂಗಪುರದ ಈ ವಸತಿ ಸೊಸೈಟಿಗೆ ಮೈಕು, ಸಿ.ಡಿ. ಎಲ್ಲ ಬಂದಿದ್ದರೂ ನವರಾತ್ರಿಯಲ್ಲಿ ದಿನದ ಮೊದಲ ಗರ್ಬಾ ಮಾತ್ರ ಬಾಯಲ್ಲೇ ಹಾಡಬೇಕು. ಯಾರ ಮನೆಯ ಆರತಿಯೋ ಆ ಮನೆಯ ಹೆಂಗಸು ಹೇಳಿಕೊಡುವುದು, ಉಳಿದವರು ಚಪ್ಪಾಳೆ ತಟ್ಟಿ ಸುತ್ತುತ್ತ ಅದನ್ನೇ ತಿರುಗಿ ಹೇಳುವುದು. ಇಷ್ಟು ವರ್ಷ ಹೋಟೆಲಿನ ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಈಗ ಹೋಟೆಲು ಮೈದುನನ ಕೈಯಲ್ಲಿದೆ, ಇನ್ನು ಯಾವ ನೆಪ ಹೇಳುವುದು?

ಮಧ್ಯಾಹ್ನವಿಡೀ ಒಂದು ಗುಜರಾತಿ ಹಾಡನ್ನು ಉರುಹೊಡೆದದ್ದೂ ಆಗಿತ್ತು. ಈಗ ನೋಡಿದರೆ ತೂತುತೂತಿನ ಮಣ್ಣಿನ ಮಡಕೆಯೊಳಗೆ ದೀಪ ಉರಿಯುತ್ತಿದೆ, ಸುತ್ತ ಹೆಂಗಸರು ಕೈ ಎತ್ತಿಕೊಂಡು ಕಾಯುತ್ತಿದ್ದಾರೆ, ಹಾಡಿನ ಒಂದಕ್ಷರ ಬಾಯಿಗೆ ಬಾರದು. ಅಯ್ಯೋ ದೇವರೇ, ಮರ್ಯಾದೆ ಹೋಯಿತಲ್ಲ ಎಂದುಕೊಳ್ಳುತ್ತ ಅವಳು ಗಂಡನತ್ತ ನೋಡಿದಳು.

ದಿವಾಕರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅವನ ಮಾತೆಂದರೆ ಬರೀ ಉಸಿರು. ಕಿವಿ ಹತ್ತಿರ ತಂದರೆ ಕೇಳೀತು, ಇಲ್ಲದಿದ್ದರೆ ಇಲ್ಲ. ಒಂದು ಕಾಲದಲ್ಲಿ ಎಂಥ ದನಿ ಅದು! ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಮಂಗಳೂರು ಬಂದರಿನಿಂದ ಅಕ್ಕಿ, ಹಂಚು ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುವ ಹಾಯಿಮಂಜಿಯಲ್ಲಿ ಅಡುಗೆಗೆ ಹೋಗಿದ್ದ. ಆ ಪ್ರಯಾಣದ ಮೇಲೆ ತಾನೇ ಒಂದು ಪದ ಕಟ್ಟಿದ್ದ. ಅಹಮದಾಬಾದಿಗೆ ಬಂದು ಹೋಟೆಲು ಹಾಕಿದ ಹೊಸತರಲ್ಲಿ ದೋಸೆ ಹುಯ್ಯುವಾಗೆಲ್ಲ ಅದೇ ಪದ.

ಪದದ ನಡುವೆ ಒಬ್ಬಳು ಬರುತ್ತಾಳೆ. ಕತ್ತಲಲ್ಲಿ ಹವಳದ ದಿಬ್ಬಗಳ ನಡುವೆ ಮಂಜಿಗೆ ದಾರಿ ಸಿಗದಾದಾಗ ದಡದಲ್ಲಿ ದೀಪ ಹಿಡಿದು ನಿಂತವಳು. ಹೊಸ ಮದುವಣಗಿತ್ತಿ ಕಾಮಾಕ್ಷಿ ಸುಮ್ಮನಿರುತ್ತಾಳೆಯೇ?

"ಯಾರದ್, ದೀಪ ಹಿಡ್ಕಂಡ್ ನಿಂತದ್?"

"ಒಂದ್ ಹೆಣ್ಣ್."

"ಹೆಸ್ರ್ ಎಂತ?"

"ಗೊತ್ತಿಲ್ಲೆ ಮಾರಾಯ್ತಿ, ದೇವ್ರಾಣೆ."

ಹೆಸರೇ ಗೊತ್ತಿಲ್ಲದವಳ ಮೇಲೆ ಯಾರಾದರೂ ಪದ ಕಟ್ಟುತ್ತಾರೆಯೇ? ಕಾಮಾಕ್ಷಿ ನಂಬಲಿಲ್ಲ. ಆ ಸಾಲು ಬಂದದ್ದೇ ತಡ, "ಸಾಕ್, ನಿಲ್ಸಿ!" ಎಂದು ಒಳಗಿನಿಂದ ಕೂಗುತ್ತಿದ್ದಳು. ಕೊನೆಗೊಂದು ದಿನ, "ಇನ್ ಆ ಪದ ಹೇಳ್ರೆ ನಾನ್ ಊರಿಗ್ ಹೋತೆ" ಎಂದಳು. ದಿವಾಕರ ಕಾವಲಿಯ ಮೇಲಿನ ದೋಸೆ ಮಗುಚಿದ. ಆಮೇಲೆ ಆ ಪದ ಮನೆಯಲ್ಲೂ ಇಲ್ಲ, ಹೋಟೆಲಲ್ಲೂ ಇಲ್ಲ.

ಆಪರೇಷನ್ ಆದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವಳಿಗೆ ಮೊದಲು ನೆನಪಾದದ್ದು ಅದೇ. ಡಾಕ್ಟರು ದನಿ ತೆಗೆದದ್ದು ಈಗ, ನಾನು ತೆಗೆದು ಯಾವ ಕಾಲವಾಯಿತು ಎಂದು ಸೆರಗು ಬಾಯಿಗೊತ್ತಿ ಅತ್ತಿದ್ದಳು. ಇದನ್ನು ಅವನಿಗೆ ಹೇಳಲು ಮಾತ್ರ ಇವತ್ತಿನವರೆಗೂ ಬಾಯಿ ಬಂದಿಲ್ಲ.

"ಚಾಲೋ, ಚಾಲೋ!" ಎಂದಳು ಹಂಸಾಬೇನ್.

ಕಾಮಾಕ್ಷಿ ಕಣ್ಣು ಮುಚ್ಚಿ ಆ ಪದವನ್ನೇ ಎತ್ತಿಯೇಬಿಟ್ಟಳು.

"ಅಕ್ಕಿ ತುಂಬಿದ ಮಂಜಿ ಹೊರಟಿತು ತೆಂಗು ತೂಗುವ ದ್ವೀಪಕೆ..."

ಹೆಂಗಸರು ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಆದರೆ ಹಾಯಿಯ ಹಗ್ಗ ಎಳೆಯುವ ತಾಳಕ್ಕೆ ಕಟ್ಟಿದ ಪದ ಅದು. ಮೂರು ಚಪ್ಪಾಳೆಗೆ ಸಲೀಸಾಗಿ ಕೂತಿತು. ಸುತ್ತು ಹೊರಟಿತು. ಕುರ್ಚಿಯಲ್ಲಿದ್ದ ದಿವಾಕರ ನೆಟ್ಟಗಾದ.

ಆ ಸಾಲು ಬಂತು. ಕಾಮಾಕ್ಷಿಯ ನಾಲಗೆ ತಡವರಿಸಿತು. ಆದದ್ದಾಗಲಿ ಎಂದು ದನಿ ಇನ್ನಷ್ಟು ಏರಿಸಿ ಹಾಡಿದಳು:

"ಕಲ್ಲ ನಡುವಿನ ದಾರಿ ತೋರಿಸಿ ನಿಂತಳೊಬ್ಬಳು ದೀಪ ಹಿಡಿದು."

'ದೀಪ' ಎಂದು ಕೇಳಿದ್ದೇ ಹಂಸಾಬೇನ್ ಮಡಕೆಯ ಕಡೆ ಕೈಮುಗಿದಳು. ಇವರ ಊರಿನ ಅಂಬಾ ಮಾ ಇರಬೇಕು ಎಂದುಕೊಂಡಳೇನೋ. ಎಲ್ಲರೂ ಸುತ್ತುತ್ತಲೇ ಕೈಮುಗಿದು ಮತ್ತೆ ಚಪ್ಪಾಳೆ ತಟ್ಟಿದರು. ಕಾಮಾಕ್ಷಿ ಹಾಡು ನಿಲ್ಲಿಸಿದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ದಿವಾಕರ ಬೆರಳೆತ್ತಿದ್ದ.

ಅವಳು ಓಡಿಹೋಗಿ ಬಗ್ಗಿದಳು. "ಎಂತ? ನೀರ್ ಬೇಕಾ?"

ಅವನು ಬೇಡವೆಂದು ತಲೆಯಾಡಿಸಿದ. "ಇನ್ನೊಂದ್... ಸಾಲಿತ್ತ್."

"ಇನ್ನೊಂದಾ?"

ಹೌದು, ಮುಂದಕ್ಕೆ ಹೇಳಲು ಬಿಟ್ಟಿದ್ದರಲ್ಲವೇ ಗೊತ್ತಾಗುವುದು. ಚಪ್ಪಾಳೆಯ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲ. ಹಿಂದೆ ತಿರುಗಿ ಕೈಯೆತ್ತಿದಳು. ಸುತ್ತು ನಿಂತಿತು. ಅಷ್ಟು ಜನರ ಎದುರಿಗೇ ಅವನ ಬಾಯಿಗೆ ಕಿವಿ ಹಚ್ಚಿ ಕೂತಳು.

ಅವನು ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಕೇಳುವಾಗ ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಎದ್ದು ನಿಂತು ಹಾಡಿದಳು:

"ಗಾಳಿ ತಿರುಗಿತು, ಹಾಯಿ ತುಂಬಿತು, ಹೆಸರ ಕೇಳದೆ ಬಂದೆನು."

"ಹೆಸರ ಕೇಳದೆ ಬಂದೆನು" ಎಂದು ಗುಜರಾತಿ ಹೆಂಗಸರೆಲ್ಲ ಒಂದೇ ದನಿಯಲ್ಲಿ ತಿರುಗಿ ಹೇಳಿದರು. ಚಪ್ಪಾಳೆ ಮತ್ತೆ ಶುರುವಾಯಿತು, ಸುತ್ತು ಮತ್ತೆ ಹೊರಟಿತು. ದಿವಾಕರ ತೊಡೆಯ ಮೇಲೆ ತಾಳ ಹಾಕುತ್ತಿದ್ದ, ತುಟಿ ಆಡುತ್ತಿತ್ತು. ಕಾಮಾಕ್ಷಿ ಕಣ್ಣೊರೆಸಿಕೊಂಡು, ಜಾರಿದ್ದ ಅವನ ಮಫ್ಲರ್ ಸರಿಮಾಡಿ, ಅಕ್ಕಿ ತುಂಬಿದ ಮಂಜಿಯನ್ನು ಮೊದಲಿನಿಂದ ಎತ್ತಿಕೊಂಡಳು.