ಒಡೆಯದೆ ಉಳಿದ ಕುಂಬಳ

ಬೂದುಗುಂಬಳವನ್ನು ಒಡೆಯದೆ ನೆರಳಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮೈಮೇಲಿನ ಬೂದಿ ಮಾತ್ರ ಮುಟ್ಟಿದವರ ಕೈಗೆ ಹತ್ತುತ್ತದೆ. ಇದು ನನಗೆ ಗೊತ್ತಾದದ್ದು ನಮ್ಮೂರಿನ ಕಾರು ಕಾರ್ಖಾನೆಯ ಹೆಬ್ಬಾಗಿಲಲ್ಲಿ.

ಸ್ವೀಡನ್ನಿನ ಒಂದು ಕಂಪನಿಯ ಕಾರುಗಳನ್ನು ಅಲ್ಲಿ ಜೋಡಿಸುತ್ತಿದ್ದರು. ಬಿಡಿಭಾಗಗಳು ಹಡಗಿನಲ್ಲಿ ಬರುತ್ತಿದ್ದವು, ಕಾರುಗಳು ರಸ್ತೆಯಲ್ಲಿ ಹೊರಡುತ್ತಿದ್ದವು. ಬಾಗಿಲ ಮೇಲಿನ ಗೋಡೆಯಲ್ಲಿ ಕಾರಿನ ಹೆಸರು ಹಿತ್ತಾಳೆಯ ಅಕ್ಷರಗಳಲ್ಲಿತ್ತು. ನಾನು ಊರಿನ ಪತ್ರಿಕೆಯ ವರದಿಗಾರ. ಕಾರ್ಖಾನೆಯ ಸುದ್ದಿ ನನ್ನ ಪಾಲಿನದು. ಪ್ರತಿ ಆಯುಧಪೂಜೆಗೂ ಅಲ್ಲಿಗೆ ಹೋಗುತ್ತಿದ್ದೆ. ಜೋಡಣೆ ವಿಭಾಗದ ಮೇಸ್ತ್ರಿ ಜವರಯ್ಯನವರು ಆ ದಿನ ಬಾಗಿಲಲ್ಲಿ ಕುಂಬಳ ಇಡುತ್ತಿದ್ದರು. ಮಾಲೀಕನ ಕಡೆಯವನು ಬಂದು ನಿಂತ ಮೇಲೆಯೇ ಅದಕ್ಕೆ ತೂತು ಕೊರೆದು ಕುಂಕುಮ ತುಂಬುವುದು. ಅವನೇ ಎತ್ತಿ ಒಡೆಯಬೇಕು. ಬೇರೆಯವರು ಕೈಹಾಕುವಂತಿರಲಿಲ್ಲ.

"ಒಡೆಯ ಅಂದ್ಮೇಲೆ ಒಡೀಬೇಕು ಕಣ್ರೀ," ಎಂಬುದು ಜವರಯ್ಯನವರ ವ್ಯಾಕರಣ.

ಮೊದಲು ಒಡೆಯುತ್ತಿದ್ದವನು ಸ್ವೀಡನ್ನಿನ ಗುನ್ನಾರ್. ಕಾರ್ಮಿಕರ ಬಾಯಲ್ಲಿ ಗುನ್ನಾರಪ್ಪ. ಮೊದಲ ವರ್ಷ ಕುಂಕುಮದ ನೀರು ಅವನ ಬಿಳಿ ಪ್ಯಾಂಟಿಗೆ ಹಾರಿತು. ಮರುವರ್ಷ ಅದೇ ಪ್ಯಾಂಟು ತೊಟ್ಟು ಬಂದ. ಆಮೇಲೆ ಕಂಪನಿಯನ್ನು ಅಮೆರಿಕದವರು ಕೊಂಡರು. ಅವರ ಮನುಷ್ಯ ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಡೆದ. ಅವರಿಂದ ಇಟಲಿಯವರ ಕೈಗೆ ಹೋಯಿತು. ಇಟಲಿಯಿಂದ ಯಾರೂ ಬರಲಿಲ್ಲ. ಊರಿನವರೇ ಆದ ಮ್ಯಾನೇಜರು ಮುಂದೆ ಬಂದಾಗ ಜವರಯ್ಯನವರು ಕೈ ಅಡ್ಡ ಹಿಡಿದರು. "ಕಾಗ್ದ ಐತಾ ಸಾರ್?" ಮ್ಯಾನೇಜರು ನಗುತ್ತಲೇ ಅಧಿಕಾರಪತ್ರ ತರಿಸಿ ತೋರಿಸಬೇಕಾಯಿತು.

ಮುಂದಿನ ವರ್ಷ ಬಿಡಿಭಾಗಗಳು ಬರುವುದು ನಿಂತಿತು. ಹನ್ನೊಂದು ವಾರ ಹತ್ತೊಂಬತ್ತು ಕಾರುಗಳು ಎಂಜಿನ್ ಇಲ್ಲದೆ ಸಾಲಿನಲ್ಲಿ ನಿಂತಿದ್ದವು. ಆಗಲೇ ಪಕ್ಕದ ಊರಿನ ಬಸ್ಸು ಕಟ್ಟುವ ಕಾರ್ಖಾನೆಯಿಂದ ಜೋಡಣೆ ವಿಭಾಗದ ಮೂವತ್ತೆರಡು ಜನರಿಗೂ ಒಟ್ಟಿಗೆ ಕೆಲಸದ ಕರೆಯೋಲೆ ಬಂತು. ಬಂದರೆ ಎಲ್ಲರೂ ಬರಬೇಕು, ನವರಾತ್ರಿಗೆ ಮೊದಲೇ ಒಪ್ಪಿಗೆ ತಿಳಿಸಬೇಕು. ಜವರಯ್ಯನವರ ಮಾತೇ ಎಲ್ಲರ ಮಾತಾಗಿತ್ತು. ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವರು ನಮ್ಮ ಕಚೇರಿಗೆ ಬಂದರು.

"ಇಟಲಿಯೋರು ಕೈ ಬಿಡ್ತಾವ್ರಂತೆ. ಕೊರಿಯಾದೋರು ಕೊಳ್ತಾರಂತಲ್ಲ ಸ್ವಾಮಿ, ಏನಂತೆ?"

ಹೊಸಬರ ಹೇಳಿಕೆ ನನ್ನ ಮೇಜಿನ ಮೇಲೆಯೇ ಇತ್ತು. "ಕಾರಿನ ಹೆಸರನ್ನು ಉಳಿಸಿಕೊಳ್ಳಲಾಗುವುದು" ಎಂದಿತ್ತು. ಅದನ್ನೇ ಓದಿ ಹೇಳಿದೆ. ಮರುದಿನ ಪತ್ರಿಕೆಯಲ್ಲಿ ನನ್ನ ತಲೆಬರಹ ಬಂತು: "ಹೆಸರು ಉಳಿಸುತ್ತೇವೆ: ಹೊಸ ಒಡೆಯರ ಹೇಳಿಕೆ."

ಜವರಯ್ಯನವರು ಎಂಜಿನ್ ಇಲ್ಲದ ಕಾರಿನ ಬಾನೆಟ್ ಮೇಲೆ ಪತ್ರಿಕೆ ಹರಡಿ ತಮ್ಮವರಿಗೆ ಓದಿದರಂತೆ. "ಹೆಸರು ಉಳಿಸೋ ಮಕ್ಳು ಮನೆ ಮಾರ್ತಾರೇನ್ರೋ?" ಎಂದರಂತೆ. ಬಸ್ಸಿನ ಕಾರ್ಖಾನೆಗೆ ಬರುವುದಿಲ್ಲವೆಂದು ಅಂದೇ ಬರೆದು ಹಾಕಿದರು.

ಮಹಾನವಮಿಯ ಬೆಳಗ್ಗೆ ಬಾಗಿಲಲ್ಲಿ ಕುಂಬಳ ಇತ್ತು. ಮ್ಯಾನೇಜರ ಕೋಣೆಗೆ ಬೀಗ ಬಿದ್ದಿತ್ತು. ಹನ್ನೊಂದು ಗಂಟೆಯಾಯಿತು. ಚಾಕು ಕೈಯಲ್ಲಿ ಹಿಡಿದೇ ನಿಂತಿದ್ದ ಜವರಯ್ಯನವರು ನನ್ನನ್ನು ಕಂಡು ಮುಂದೆ ಬಂದರು.

"ಬಂದ್ರಾ? ಈ ಸಲ ಒಡೆಯ ಯಾರು ಅಂತ ನೀವಾದ್ರೂ ಹೇಳಿ."

ಬೆಳಗ್ಗೆ ತಾನೆ ಬಂದ ಸುದ್ದಿ ನನ್ನ ಕೈಯಲ್ಲಿತ್ತು. ಸ್ವೀಡನ್ನಿನ ನ್ಯಾಯಾಲಯ ಕಂಪನಿ ದಿವಾಳಿಯೆಂದು ಘೋಷಿಸಿತ್ತು. ಹೊಸಬರು ಕೊಂಡದ್ದು ಹೆಸರನ್ನು ಮಾತ್ರ. ಕಾರ್ಖಾನೆಗಳು ಆ ಕೊಳ್ಳುವಿಕೆಯಲ್ಲಿ ಸೇರಿರಲಿಲ್ಲ.

"ಯಾರೂ ಇಲ್ಲ ಜವರಯ್ಯನವರೇ. ಅವರು ಹೆಸರೊಂದನ್ನೇ ಕೊಂಡಿದ್ದಾರೆ. ಅದನ್ನು ತಮ್ಮ ಕಾರುಗಳಿಗೆ ಹಾಕಿಕೊಳ್ಳುತ್ತಾರೆ."

"ಹೆಸರೊಂದ್ನೇ ಹೆಂಗ್ ಕೊಳ್ತಾರೆ? ಹೆಸರೇನು ಅಂಗಿ ಗುಂಡಿನಾ, ಕಿತ್ಕೊಂಡೋಗಕ್ಕೆ?"

ಬೆಸುಗೆಯ ಕೆಂಚಪ್ಪ ಹಿಂದಿನಿಂದ ಕೂಗಿದ: "ಪೇಪರ್‌ನೋರೇ ಒಡೀಲಿ ಬಿಡಣ್ಣ! ಮೂವತ್ತೆರಡು ಮನೆ ಒಡೆದವ್ರೆ, ಒಂದ್ ಕುಂಬಳ ಯಾವ್ ಲೆಕ್ಕ?"

"ಸುಮ್ಕಿರೋ," ಎಂದರು ಜವರಯ್ಯನವರು. ಆಮೇಲೆ ನನ್ನ ಕಡೆ ತಿರುಗಿದರು. ದನಿ ಇಳಿದಿತ್ತು. "ಬಸ್ಸಿನೋರಿಗೆ ಒಂದ್ ಫೋನ್ ಮಾಡ್ತೀರಾ ಸ್ವಾಮಿ? ನಾವ್ ಅಂದ್ರೆ ಬೇಡ ಅಂತಾರೆ. ನಿಮ್ಮಂಥೋರು ಕೇಳುದ್ರೆ..."

ಕಾವಲುಗಾರನ ಕೋಣೆಯಿಂದ ಫೋನ್ ಮಾಡಿದೆ. ಮೂವತ್ತೊಂದು ಜನ ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ಜವರಯ್ಯನವರು ಮಾತ್ರ ದೂರದಲ್ಲಿ, ಬೆನ್ನು ತಿರುಗಿಸಿಕೊಂಡು ನಿಂತಿದ್ದರು. ಜಾಗಗಳು ಭರ್ತಿಯಾಗಿ ಐದು ದಿನವಾಗಿತ್ತು. ಒಬ್ಬರನ್ನಾದರೂ ತೆಗೆದುಕೊಳ್ಳಿ ಎಂದೆ. ಆ ಕಡೆಯವರು ಹಬ್ಬದ ಶುಭಾಶಯ ಹೇಳಿ ಫೋನ್ ಇಟ್ಟರು. ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ. ಕಿಟಕಿಯಿಂದ ಮುಖಗಳು ಒಂದೊಂದಾಗಿ ಸರಿದವು.

ನನ್ನ ತಲೆಬರಹದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಹಾಗಾಗಿ ಪತ್ರಿಕೆ ತಿದ್ದುಪಡಿ ಹಾಕಲಿಲ್ಲ, ಹಾಕಬೇಕೆಂದು ನಾನು ಕೇಳಲೂ ಇಲ್ಲ. ಆದರೆ ಜವರಯ್ಯನವರು ಕಾಗದ ತಂದ ದಿನ ಕಚೇರಿಯಲ್ಲಿ ನಡೆದ ಮಾತಿನಲ್ಲಿ ಒಂದನ್ನು ನಾನು ಎಲ್ಲಿಯೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಹೇಳಿಕೆ ಕೇಳಿಸಿಕೊಂಡ ಮೇಲೆ ಜವರಯ್ಯನವರು ಎದ್ದು ಬಾಗಿಲ ತನಕ ಹೋಗಿ ತಿರುಗಿ ನಿಂತಿದ್ದರು.

"ಅಂದ್ರೆ, ಕಾರ್ಖಾನೆ ನಡೆಸ್ತಾರೆ ಅಂತ ತಾನೆ ಸ್ವಾಮಿ?"

"ಹೇಳಿಕೆಯಲ್ಲಿ ಇರುವುದು ಇಷ್ಟೇ," ಎಂದಿದ್ದೆ.

ಅವರ ಮುಖ ಅರಳಿತು. ಅವರು ಅದನ್ನು ಹೌದೆಂದು ತಿಳಿದುಕೊಂಡರೆಂಬುದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಕರೆದು ನಿಲ್ಲಿಸಲಿಲ್ಲ. ನನ್ನ ಮುಂದೆ ಅರ್ಧ ಬರೆದ ವರದಿ ಇತ್ತು.

ತಿಂಗಳ ಮೇಲೆ ಹಿತ್ತಾಳೆ ಅಕ್ಷರಗಳನ್ನು ಕೀಳಲು ಇಬ್ಬರು ಬಂದರು. ಅವರ ಏಣಿ ಅಲ್ಲಾಡುತ್ತಿತ್ತು. ಜವರಯ್ಯನವರು ಎಲ್ಲಿಂದಲೋ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೊನೆಯ ಅಕ್ಷರ ಇಳಿಯುವವರೆಗೂ ಬಿಡಲಿಲ್ಲ. ಬಿಸಿಲಿಗೆ ಬಣ್ಣಗೆಟ್ಟ ಗೋಡೆಯಲ್ಲಿ ಅಕ್ಷರಗಳಿದ್ದ ಜಾಗ ಮಾತ್ರ ಹೊಸದಾಗಿತ್ತು. ದೂರದಿಂದಲೂ ಓದಬಹುದಾಗಿತ್ತು.

"ಉಳೀತು ನೋಡಿ ಸ್ವಾಮಿ," ಎಂದು ಜವರಯ್ಯನವರು ನಡೆದುಬಿಟ್ಟರು.

ಕುಂಬಳ ಇಟ್ಟಲ್ಲೇ ಇತ್ತು. ಕೊಳೆತಿರಬೇಕೆಂದು ಬಗ್ಗಿ ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. ಕಚೇರಿಗೆ ಮರಳಿ ಅಂದಿನ ವರದಿ ಬರೆಯಲು ಕುಳಿತಾಗ ಹಾಳೆಯ ಅಂಚಿನಲ್ಲಿ ನನ್ನ ಐದು ಬೆರಳುಗಳೂ ಬೂದಿಯಲ್ಲಿ ಮೂಡಿದ್ದವು.