ಬಾಲವಿರುವ ಬರಿಟೊ

ರೊಟ್ಟಿಯೊಳಗೆ ಅನ್ನ, ಕಾಳು ಸುತ್ತಿ ಕೊಡುವ ನಮ್ಮ ಬರಿಟೊ ಅಂಗಡಿಗೆ ಜನ ಬರುವುದು ಊಟಕ್ಕೋ ದೂರು ಹೇಳುವುದಕ್ಕೋ ಎಂದು ಎಷ್ಟೋ ಸಲ ನನಗೇ ಅನುಮಾನ ಬಂದದ್ದಿದೆ. ಖಾರ ಹೆಚ್ಚಾಯಿತು, ಅನ್ನ ತಣ್ಣಗಿದೆ, ರೊಟ್ಟಿ ಹರಿದು ಒಳಗಿನದೆಲ್ಲ ಅಂಗಿಯ ತೋಳಿಗಿಳಿಯಿತು. ಎದುರಿನ ಟೈರ್ ಅಂಗಡಿಯವನಂತೂ ಕೊನೆಯ ತುತ್ತು ನುಂಗಿ ಬೆರಳು ನೆಕ್ಕಿದ ಮೇಲೆಯೇ, "ಇವತ್ತು ಅಷ್ಟಕ್ಕಷ್ಟೇ ಅಕ್ಕ" ಎನ್ನುವ ಆಸಾಮಿ.

ಸೋರುವ ದೂರು ನಿಂತದ್ದು ಅವಳು ಬಂದ ಮೇಲೆ.

ಒಂದು ಕೈಚೀಲ ಹಿಡಿದುಕೊಂಡು ಹಿಂಬಾಗಿಲಿಗೇ ಬಂದಿದ್ದಳು. "ಒಳಗಡೆ ಏನಾದ್ರೂ ಕೆಲಸ ಇದ್ರೆ ಕೊಡಿ ಅಕ್ಕ. ಜನರ ಮುಂದೆ ಮಾತ್ರ ನಿಲ್ಲಲ್ಲ." ಎಡಗೈಯ ಕಿರುಬೆರಳು ಬಾಗಿದ ಮೊಳೆಯ ಹಾಗೆ ಹೊರಗೆ ಚಾಚಿಕೊಂಡಿತ್ತು. ಅದೇನೆಂದು ಕೇಳಿದೆ.

"ಗಂಡ. ಬಾಗಿಲ ಸಂದೀಲಿ ಇಟ್ಟು ಬಾಗಿಲು ಹಾಕಿದ. ನಾನೆಲ್ಲಿದೀನಿ ಅಂತ ಗೊತ್ತಾದ್ರೆ ಈ ಸಲ ಬೆರಳಿಗೇ ನಿಲ್ಲಿಸಲ್ಲ."

ಮರುದಿನವೇ ಅಡುಗೆ ಜಾಗಕ್ಕೂ ಕೌಂಟರಿಗೂ ನಡುವೆ ದಪ್ಪ ಪರದೆ ಕಟ್ಟಿಸಿದೆ.

ಆ ಬೆರಳು ಮಡಚುತ್ತಿರಲಿಲ್ಲ. ಹಾಗಾಗಿ ಬರಿಟೊ ಸುತ್ತುವಾಗ ನಮ್ಮ ಹಾಗೆ ಫಾಯಿಲ್ ಹಾಳೆಯ ಅಂಚು ಒಳಗೆ ಸಿಕ್ಕಿಸಲು ಅವಳಿಗೆ ಆಗದು. ಫಾಯಿಲಿನ ತುದಿಯನ್ನು ಹೆಬ್ಬೆರಳಿನಿಂದ ಎಳೆದು, ಒಂದು ತಿರುವು ತಿರುವಿ ಬಿಡುತ್ತಿದ್ದಳು. ತುದಿಯಲ್ಲಿ ಇಲಿಯ ಬಾಲದಂಥ ಒಂದು ಜುಟ್ಟು ಉಳಿಯುತ್ತಿತ್ತು. ನೋಡಲು ನಗು ಬರುತ್ತಿತ್ತು, ಆದರೆ ತಲೆಕೆಳಗಾಗಿ ಹಿಡಿದರೂ ಒಂದು ಹನಿ ಸೋರುತ್ತಿರಲಿಲ್ಲ. ಬಂದವರೆಲ್ಲ "ಬಾಲದ್ದೇ ಕೊಡಿ" ಎನ್ನತೊಡಗಿದರು. ಕೆಲಸದ ಜಾಗಗಳಿಗೆ ಚೀಲ ತುಂಬಿ ಒಯ್ಯುವವರು ಹೆಚ್ಚಾದರು. ವ್ಯಾಪಾರ ಕುದುರಿದ ಖುಷಿಯಲ್ಲಿ ಆ ಬಾಲ ಎಲ್ಲೆಲ್ಲಿಗೆ ಹೋಗುತ್ತಿದೆ ಎಂದು ನಾನೂ ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ.

ಒಂದು ಮಧ್ಯಾಹ್ನ, ಜನ ಕಿಕ್ಕಿರಿದ ಹೊತ್ತಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಬಂದ. ಕೈಯಲ್ಲಿ ನಮ್ಮದೇ ಬರಿಟೊ, ಇನ್ನೂ ಬಿಚ್ಚಿರಲಿಲ್ಲ.

"ಜೊತೆ ಕೆಲಸ ಮಾಡೋನು ತಂದಿದ್ದ," ಎಂದ, ಮೆತ್ತನೆಯ ದನಿಯಲ್ಲಿ. "ಎಷ್ಟು ಅಚ್ಚುಕಟ್ಟು! ಯಾರಮ್ಮ ಸುತ್ತೋದು?"

ಹೊಗಳಿದರೆ ನನ್ನ ನಾಲಿಗೆಗೆ ಲಂಗುಲಗಾಮಿಲ್ಲ. "ನಮ್ಮ ಹುಡುಗಿ, ಒಳಗಿದಾಳೆ. ಬೆರಳು ಸೊಟ್ಟ ಪಾಪ, ಆದ್ರೆ ಕೈಗುಣ ನೋಡಿ!"

"ಗೊತ್ತು," ಎಂದು ನಕ್ಕ. "ಮನೇಲಿ ನನ್ನ ಬುತ್ತೀನೂ ಹೀಗೇ ಸುತ್ತುತಿದ್ಲು. ಆ ಬೆರಳು ಸೊಟ್ಟ ಮಾಡಿದ್ದು ನಾನೇ."

ಮಾತು ನನ್ನ ತಲೆಗಿಳಿಯುವ ಮೊದಲೇ ಕೌಂಟರ್ ಹಾರಿದ್ದ. ಪರದೆ ಕೊಂಡಿ ಸಮೇತ ಕಿತ್ತು ಬಂತು. ಒಳಗೆ ಅವಳು ಕಿರುಚಲಿಲ್ಲ. "ಅಯ್ಯೋ" ಎಂದಳು, ಅಷ್ಟೇ. ಬಹಳ ದಿನದಿಂದ ಕಾಯುತ್ತಿದ್ದವರು ಬಂದಾಗ ಹೇಳುವ ಹಾಗೆ. ಅವನು ಜಡೆ ಕೈಗೆ ಸುತ್ತಿಕೊಂಡು ಅವಳ ತಲೆಯನ್ನು ಗೋಡೆಗೆ ಬಡಿದ. ಇನ್ನೊಮ್ಮೆ ಬಡಿದ. ಬಿಳಿ ಗೋಡೆಯಲ್ಲಿ ರಕ್ತ ಇಳಿಯಿತು.

"ನಡಿ ಮನೆಗೆ. ನನ್ನನ್ನೇ ಬಿಟ್ಟು ಬರ್ತೀಯಾ?"

ಟೈರ್ ಅಂಗಡಿಯವನು ಒಳನುಗ್ಗಿ ಅವನ ಕೊರಳುಪಟ್ಟಿ ಹಿಡಿದ. ಗಂಡ ಪಕ್ಕದಲ್ಲಿದ್ದ ಸ್ಟೂಲ್ ಎತ್ತಿ ಮುಖಕ್ಕೆ ಬೀಸಿದ. ಟೈರ್ ಅಂಗಡಿಯವನು ಬಾಯಿ ಹಿಡಿದು ಕುಸಿದ, ಬೆರಳ ಸಂದಿಯಿಂದ ಒಂದು ಹಲ್ಲು ನೆಲಕ್ಕೆ ಬಿತ್ತು. ಹೊರಗಿದ್ದವರಲ್ಲಿ ಅರ್ಧ ಜನ ಓಡಿದರು, ಇನ್ನರ್ಧ ನಿಂತು ನೋಡಿದರು.

ಅಷ್ಟರಲ್ಲಿ ಗಂಡ ಅವಳ ಮುಖವನ್ನು ಕಾದ ಕಾವಲಿಯತ್ತ ಬಗ್ಗಿಸುತ್ತಿದ್ದ. ಜಡೆಯ ತುದಿ ಚುರುಚುರು ಸುಟ್ಟು ನಾತ ಬಂತು. ಮುಖ ತಾಗಬಾರದೆಂದು ಅವಳು ಆ ಸೊಟ್ಟ ಬೆರಳಿನ ಅಂಗೈಯನ್ನೇ ಕಾವಲಿಗೆ ಊರಿದಳು. ಚರ್ಮ ಚುಂಯ್ ಎಂದದ್ದು ನನಗೆ ಕೇಳಿಸಿತು. ಊರಿದ ಕೈಯನ್ನು ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಕುದಿಯುವ ಕಾಳಿನ ಪಾತ್ರೆಗೆ ಸೌಟು ಅದ್ದಿ, ಹೆಗಲ ಮೇಲಿಂದ ಹಿಂದಕ್ಕೆ ಎರಚಿದಳು.

ಅವನು ಮುಖ ಮುಚ್ಚಿಕೊಂಡು ಊಳಿಟ್ಟ. ಆದರೂ ಜಡೆ ಬಿಡಲಿಲ್ಲ. ರೊಟ್ಟಿ ಉಬ್ಬದಂತೆ ಮೇಲಿಂದ ಒತ್ತಲು ನಮ್ಮಲ್ಲೊಂದು ಹಿಡಿಯಿರುವ ಕಬ್ಬಿಣದ ಬಿಲ್ಲೆ ಇದೆ. ಅದನ್ನೆತ್ತಿ ಜಡೆ ಹಿಡಿದ ಅವನ ಮಣಿಕಟ್ಟಿನ ಮೇಲೆ ಬಿಟ್ಟೆ. ಹಸಿ ಸೌದೆ ಮುರಿದ ಹಾಗೆ ಸದ್ದಾಯಿತು.

ಅವನು ನೆಲಕ್ಕುರುಳಿದ. ಅವಳು ಅದೇ ಸೌಟಿನಿಂದ ತಲೆ, ಬೆನ್ನು, ಮೊಣಕೈ ಎನ್ನದೆ ಬಾರಿಸತೊಡಗಿದಳು. ಸೌಟಿನ ಹಿಡಿ ಬಾಗಿತು. ಬಾಯಿಂದ ರಕ್ತ ಸುರಿಸುತ್ತಲೇ ಟೈರ್ ಅಂಗಡಿಯವನು ಅವಳ ಕೈ ಹಿಡಿದ. "ಸಾಕು ಬಿಡಮ್ಮ, ಸತ್ತೋಗ್ತಾನೆ."

"ಸಾಕು ಅಂತ ನಾನೆಷ್ಟು ಸಲ ಹೇಳಿದೆ ಅಣ್ಣ," ಎಂದಳು ಏದುಸಿರು ಬಿಡುತ್ತ. "ನಿಲ್ಲಿಸಿದ್ನಾ?"

ಕೊನೆಗೆ ಸೌಟು ಬಿಟ್ಟಳು. ಯಾರೋ ಫೋನ್ ಮಾಡಿದ್ದರು, ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು. ಹೋಗುವಾಗಲೂ ಅವನ ಬಾಯಿ ನಿಲ್ಲಲಿಲ್ಲ: "ಎಲ್ಲಿಗೆ ಓಡ್ತೀಯೋ ಓಡು. ಆ ಬೆರಳೇ ನಿನ್ನ ಹಿಡಿದುಕೊಡುತ್ತೆ."

ಅವಳ ಅಂಗೈ ಮಾಯುವವರೆಗೆ ಬರಿಟೊ ನಾನೇ ಸುತ್ತಿದೆ. ಮತ್ತೆ ಎಲ್ಲರ ತೋಳೂ ಒದ್ದೆ, ಮತ್ತೆ ದೂರು. ಕಟ್ಟು ಬಿಚ್ಚಿದ ದಿನ ಅವಳನ್ನು ಕೂರಿಸಿಕೊಂಡು ಹೇಳಿದೆ, "ನೋಡಮ್ಮ, ಅವನು ಜೈಲಲ್ಲೇ ಇರ್ತಾನೆ ಅಂತ ಯಾರೂ ಬರೆದುಕೊಟ್ಟಿಲ್ಲ. ನನ್ನ ಬಾಯಿಗೆ ನಾನು ಬೀಗ ಹಾಕ್ತೀನಿ. ನೀನು ಆ ಬಾಲ ಬಿಡು. ಸೋರಿದ್ರೆ ಸೋರಲಿ. ಪರದೆ ಹೊಸದು ಹೊಲಿಸೋಣ."

ಅವಳು ಎದ್ದು, ರೊಟ್ಟಿಯ ಬುಟ್ಟಿಯನ್ನೂ ಫಾಯಿಲನ್ನೂ ತಂದು ಮುಂದಿನ ಕೌಂಟರಿನ ಮೇಲೆ, ಬೀದಿಗೆ ಕಾಣುವ ಹಾಗೆ ಇಟ್ಟಳು. ಆಮೇಲೆ ಆ ಕಬ್ಬಿಣದ ಬಿಲ್ಲೆಯನ್ನು ತಂದು ತನ್ನ ಬಲಗೈ ಪಕ್ಕದಲ್ಲಿಟ್ಟಳು.

"ಒಳಗಿದ್ರೆ ಅವನು ಬರೋದು ನನಗೆ ಕಾಣಲ್ಲ ಅಕ್ಕ," ಎಂದಳು.

ಸಾಲಿನಲ್ಲಿ ಮೊದಲಿಗೆ ನಿಂತವನು ಟೈರ್ ಅಂಗಡಿಯವನು. "ಮೆತ್ತಗಿರೋದು ಹಾಕಮ್ಮ," ಎಂದು ಹಲ್ಲಿಲ್ಲದ ಜಾಗ ತೋರಿಸಿದ. "ಬಾಲ ಮಾತ್ರ ಉದ್ದ ಇರಲಿ."

ಅವಳು ಬೀದಿಯ ಮೇಲಿನ ಕಣ್ಣು ತೆಗೆಯದೆ ಬಾಲ ತಿರುವಿದಳು.